ಎರಡು ದೊಡ್ಡಿ, ನಲವತ್ತು ಟಗರು

"ಈ ದೊಡ್ಡಿಯಾಗ ಒಂದು ಕಾಳೂ ಬೀಳಬಾರದು ಅಕ್ಕಾ. ಬರೇ ಹುಲ್ಲು, ಬರೇ ನೀರು."

ಬೆರಳೆತ್ತಿ ಹಾಗೆ ಹೇಳಿದವನು ನಾನೇ. ಆ ಬೆರಳು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅಕ್ಕ ಸೆರಗಿನ ತುದಿ ಬಾಯಿಗೆ ಹಿಡಿದು "ಹೂನ್ರೀ ಸಾಹೇಬ್ರ" ಅಂದಳು. ಆಕೆ ಅಷ್ಟು ಬೇಗ ಒಪ್ಪಿದ್ದಕ್ಕೆ ನಾನು ಅನುಮಾನ ಪಡಬೇಕಿತ್ತು.

ಅಕ್ಕನ ಊರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಕಾಲುವೆ ನೀರು ಮುಟ್ಟುವ ಕೊನೆಯ ಹಳ್ಳಿಗಳಲ್ಲೊಂದು. ಒಂದು ಮಗ್ಗುಲಿಗೆ ತೊಗರಿ, ಇನ್ನೊಂದು ಮಗ್ಗುಲಿಗೆ ಭತ್ತ. ಅಕ್ಕ ಕುರಿಗಾರರ ಮನೆಯ ಸೊಸೆ, ಗಂಡ ತೀರಿಕೊಂಡು ಆರು ವರ್ಷ. ಗಂಡನ ಅಣ್ಣ, ಅಂದರೆ ಆಕೆಯ ಭಾವ, ಇಡೀ ಮನೆತನದ ಹಿಂಡನ್ನು ನಡೆಸುವವನು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಈ ಕಡೆ ಕುರಿಗೆ ಕಾಲಿಡಲು ಜಾಗವಿಲ್ಲ. ಹಿಂಡು ಲಿಂಗಸುಗೂರಿನ ಆಚೆಯ ಗುಡ್ಡಗಳಿಗೆ ಹೋಗಿ, ಭತ್ತ ಕೊಯ್ದ ಮೇಲೆ ಕೂಳೆ ಮೇಯಲು ಮರಳುತ್ತದೆ. ಆ ಮನೆತನದಲ್ಲಿ ಒಂದು ಕಟ್ಟಳೆ ಇದೆ: ಹಿಂಡಿನ ಜತೆ ನಡೆದವರಿಗೆ ಪಾಲು. ಪ್ರತಿ ಒಲೆಯಿಂದ ಒಬ್ಬರು ನಡೆಯಬೇಕು. ಅಕ್ಕನ ಒಲೆಗೆ ಇದ್ದವಳು ಆಕೆಯೊಬ್ಬಳೇ. ಆ ವರ್ಷ ಆಕೆಯ ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿ, ನಾಲ್ಕು ಹೆಜ್ಜೆಗೆ ಒಮ್ಮೆ ಕೂರುವಂತಾಗಿತ್ತು.

ಭಾವ ಕೆಟ್ಟವನಲ್ಲ. "ನಮ್ಮ ಒಲಿ ಮ್ಯಾಲೆ ನಿಂದೂ ಎರಡು ರೊಟ್ಟಿ ಬೇಯ್ತಾವ, ಚಿಂತಿ ಬ್ಯಾಡ" ಅಂದಿದ್ದ. ಅಕ್ಕನಿಗೆ ಚಿಂತೆ ಇದ್ದದ್ದೇ ಅಲ್ಲಿ. ಇನ್ನೊಬ್ಬರ ಒಲೆಯ ರೊಟ್ಟಿ ತಿಂದವಳು ಇನ್ನೊಬ್ಬರ ಮಾತೂ ತಿನ್ನಬೇಕಾಗುತ್ತದೆ. ಹಿಂದಿನ ವರ್ಷ ನಡೆದ ಪಾಲಿಗೆ ಬಂದ ನಲವತ್ತು ಟಗರುಮರಿಗಳನ್ನು ಹಿಂಡಿಗೆ ಬಿಡದೆ ಮನೆಯಲ್ಲೇ ಇಟ್ಟುಕೊಂಡಳು. ಕೂಡಿಹಾಕಿ ಮೇಯಿಸಿ ಲಾಭ ತೋರಿಸಿದರೆ ಆಕೆ ನಡೆಯದೆಯೂ ಪಾಲುದಾರಳು. ತೋರಿಸದಿದ್ದರೆ ಮರಿಗಳು ಭಾವನ ಕೈಗೆ, ಆಕೆ ಭಾವನ ಒಲೆಗೆ.

ನಾನು ಒಂದು ಸಂಸ್ಥೆಯ ಜಾನುವಾರು ಕಾರ್ಯಕರ್ತ. ಒಣಮೇವಿನ ಮೇಲಿರುವ ಕುರಿಗೆ ದಾಣಿ, ಅಂದರೆ ಕಾಳು, ಹಿಂಡಿ, ತೌಡಿನ ಮಿಶ್ರಣ ಕೊಟ್ಟರೆ ಖರ್ಚು ಗಿಟ್ಟುತ್ತದೆಯೇ ಎಂದು ರೈತರ ಕಣ್ಣೆದುರೇ ತೋರಿಸುವುದು ನನಗೆ ಬಂದ ಕೆಲಸ. ಅದಕ್ಕೆ ಮರಿ ಬೇಕಿತ್ತು, ಅಕ್ಕನಿಗೆ ಆಸರೆ ಬೇಕಿತ್ತು. ದಾಣಿ, ಔಷಧಿ ನಮ್ಮದು. ಮರಿ, ಹುಲ್ಲು, ದುಡಿಮೆ ಆಕೆಯದು. ತಗಡಿನ ಚಪ್ಪರದ ನಡುವೆ ಬಿದಿರಿನ ತಡಿಕೆ ಕಟ್ಟಿ ಎರಡು ದೊಡ್ಡಿ ಮಾಡಿದೆವು. ಎಡಗಡೆ ಇಪ್ಪತ್ತು ಮರಿಗೆ ಕೊಂಬಿನ ಬುಡದಲ್ಲಿ ಕೆಂಪು ಬಣ್ಣ, ಬರೀ ಹುಲ್ಲು. ಬಲಗಡೆ ಇಪ್ಪತ್ತಕ್ಕೆ ನೀಲಿ ಬಣ್ಣ, ಹುಲ್ಲಿನ ಜತೆ ದಾಣಿ. ಹುಲ್ಲು ಎರಡೂ ಕಡೆ ಒಂದೇ, ಭತ್ತದ ಹುಲ್ಲು ಮತ್ತು ಕತ್ತರಿಸಿದ ಜೋಳದ ಕಣಿಕೆ. ನೀರೂ ಒಂದೇ ಬೋರಿನದು. ಪ್ರತಿ ಸೋಮವಾರ ಬೇವಿನ ಮರದ ಕೊಂಬೆಗೆ ತೂಕದ ಕೊಕ್ಕೆ ಕಟ್ಟಿ, ಗೋಣಿಚೀಲದ ಜೋಲಿಯಲ್ಲಿ ಒಂದೊಂದನ್ನೇ ತೂಗುವುದು. ಹೊಟ್ಟೆಯಲ್ಲಿನ ಹುಲ್ಲು, ನೀರೇ ಅರ್ಧ ಕೆಜಿ ಸುಳ್ಳು ಹೇಳುತ್ತದೆ, ಹಾಗಾಗಿ ತೂಕವೆಲ್ಲ ಬೆಳಗಿನ ಮೇವಿಗೆ ಮುಂಚೆಯೇ ಆಗಬೇಕು.

ಮೊದಲ ಆರು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ನೀಲಿ ಮರಿಗಳಿಗೆ ದಿನಕ್ಕೆ ಕಾಲು ಕೆಜಿ ದಾಣಿ. ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಗೋಧಿ ಬೂಸಾ, ಜತೆಗೆ ಉಪ್ಪು, ಸುಣ್ಣದ ಪುಡಿ. ದಿನಕ್ಕೆ ನೂರು ಗ್ರಾಂವರೆಗೂ ಮೈ ಬಂತು. ಲೆಕ್ಕ ಸರಳ: ತಿನ್ನಿಸಿದ್ದು ಎಂಟೊಂಬತ್ತು ರೂಪಾಯಿ, ಬಂದ ಮೈಗೆ ಸಂತೆಯಲ್ಲಿ ಅದರ ಮೂರು ಪಟ್ಟು. ಕೆಂಪು ಮರಿಗಳು ಬರೀ ಹುಲ್ಲಿಗೆ ಇದರ ಅರ್ಧವೂ ಬರಬಾರದು ಎಂದು ಪುಸ್ತಕ ಹೇಳುತ್ತಿತ್ತು. ಅವು ಎಪ್ಪತ್ತು ಗ್ರಾಂನಂತೆ ಏರುತ್ತಿದ್ದವು. ಕೊಕ್ಕೆ ಕೆಟ್ಟಿದೆಯೇನೋ ಎಂದು ಹತ್ತು ಕೆಜಿಯ ತೂಕದ ಬಟ್ಟು ತೂಗಿ ನೋಡಿದೆ. ಕೊಕ್ಕೆ ಸರಿಯಾಗಿಯೇ ಇತ್ತು. ನೋಟುಬುಕ್ಕಿನ ಅಂಚಿನಲ್ಲಿ "ಹುಲ್ಲಿನ ಗುಣಮಟ್ಟ ಉತ್ತಮ" ಎಂದು ಬರೆದುಕೊಂಡು ಮುಂದೆ ಹೋದೆ. ಕಣ್ಣಿಗೆ ಕಂಡದ್ದಕ್ಕೆ ಕಾರಣ ಹುಡುಕುವ ಬದಲು ಹೆಸರಿಟ್ಟುಬಿಟ್ಟೆ.

ಏಳನೇ ವಾರ ಮೆಕ್ಕೆಜೋಳ ಮತ್ತು ಹಿಂಡಿಯ ದರ ಏರಿತು. ಲಾಭದ ಅಂಕಿ ಸೊರಗತೊಡಗಿತು. ನಮ್ಮ ಸಂಯೋಜಕರು ಫೋನಿನಲ್ಲಿ, "ರೈತರಿಗೆ ತೋರಿಸೋಕೆ ದೊಡ್ಡ ವ್ಯತ್ಯಾಸ ಬೇಕು ಕಣ್ರೀ, ಎರಡು ರೂಪಾಯಿ ಲಾಭಕ್ಕೆ ಯಾರು ಚಪ್ಪರ ಹಾಕ್ತಾರೆ?" ಅಂದರು. ಸಿಂಧನೂರಿನ ಸುತ್ತ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ತೌಡಿಗಂತೂ ಇಲ್ಲವೇ ಇಲ್ಲ. ಹಿಂಡಿಗಿಂತ ಅರ್ಧ ಬೆಲೆ. ಆರು ಚೀಲ ಹೇರಿಸಿಕೊಂಡು ಬಂದೆ. ದಾಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೌಡೇ ಮಾಡಿದೆ. ಅಗ್ಗ ಆಯಿತಲ್ಲ ಎಂದು ಕಾಲು ಕೆಜಿಯನ್ನು ಅರ್ಧ ಕೆಜಿಗೆ ಏರಿಸಿದೆ. ಸುಣ್ಣದ ಪುಡಿ ಮುಗಿದಿತ್ತು, ಮುಂದಿನ ವಾರ ತಂದರಾಯಿತು ಎಂದುಕೊಂಡೆ. ಮುಂದಿನ ವಾರವೂ ತರಲಿಲ್ಲ. ಅತಿ ಆಸೆ ಗತಿಗೇಡು ಎಂದು ಊರಿಗೆಲ್ಲ ಹೇಳುವ ಬಾಯಿ ನನ್ನದು.

ದಾಣಿ ದುಪ್ಪಟ್ಟಾದರೂ ಮೈ ಹೆಚ್ಚಿದ್ದು ದಿನಕ್ಕೆ ಹತ್ತು ಹದಿನೈದು ಗ್ರಾಂ ಮಾತ್ರ. ಕುರಿಯ ಹೊಟ್ಟೆಗೂ ಒಂದು ಮಿತಿಯಿದೆ. ಅದನ್ನು ದಾಟಿದ ಮೇಲೆ ನೀವು ಸುರಿಯುವುದೆಲ್ಲ ಗೊಬ್ಬರಕ್ಕೆ.

ಹತ್ತನೇ ವಾರ, ಜಡಿಮಳೆ ಹಿಡಿದ ಒಂದು ಬೆಳಗ್ಗೆ ಅಕ್ಕನ ಫೋನು ಬಂತು. "ಒಂದು ಟಗರು ಮುಕ್ಕರಿಸಾಕತ್ತೈತ್ರೀ. ಬಾಲ ಎತ್ತಿ ಎತ್ತಿ ನಿಂದರ್ತೈತಿ. ಹೊಟ್ಟಿಗೆ ಒದ್ಕೊಳ್ತೈತಿ." ಹೋಗಿ ನೋಡಿದೆ. ತಿಣುಕಿ ತಿಣುಕಿ ಮುಕ್ಕರಿಸುತ್ತಿತ್ತು, ಹಿಕ್ಕೆ ಬೀಳುತ್ತಿರಲಿಲ್ಲ. ತೌಡು ತಿಂದು ಹೊಟ್ಟೆ ಕಟ್ಟಿದೆ ಎಂದು ತೀರ್ಮಾನಿಸಿ ಎಣ್ಣೆ ಕುಡಿಸಿದೆ. ಸಂಜೆಗೆ ಇನ್ನಷ್ಟು ಎಣ್ಣೆ. ಮರುದಿನ ಟಗರು ಮುಕ್ಕರಿಸುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿತು. ಹೊಟ್ಟೆ ಹಗುರಾಯಿತು ಎಂದು ನಾನು ಖುಷಿಪಟ್ಟೆ. ಮೂರನೇ ದಿನ ಸತ್ತಿತು.

ನಮ್ಮದು ಮುದಗಲ್ಲಿನಲ್ಲಿ ಮಾಂಸದಂಗಡಿಯ ಮನೆ. ಕುರಿಯ ಒಳಗು ನನಗೆ ಹೊಸದಲ್ಲ. ಗುಂಡಿ ತೋಡಿ ಅಲ್ಲೇ ಹೊಟ್ಟೆ ಸೀಳಿದೆ. ಬುಳಕ್ಕನೆ ನೀರು ಹೊರಬಂತು, ಮೂತ್ರದ ವಾಸನೆ. ಕರುಳಿನಲ್ಲಿ ಕಟ್ಟಿದ್ದು ಏನೂ ಇರಲಿಲ್ಲ. ಮೂತ್ರಚೀಲ ಒಡೆದು ಚಿಂದಿಯಾಗಿತ್ತು. ಬೆರಳಾಡಿಸಿದರೆ ಸಣ್ಣ ಮರಳು ಹತ್ತಿತು. ಮುಕ್ಕರಿಸಿದ್ದು ಹಿಕ್ಕೆಗಲ್ಲ, ಉಚ್ಚೆಗೆ. ಎರಡು ದಿನ ನಾನು ತಪ್ಪು ಬಾಗಿಲು ಬಡಿದಿದ್ದೆ. ಅಕ್ಕ ದೂರ ನಿಂತು, "ಎಣ್ಣಿ ಕುಡಿಸಿದ್ದು ಬ್ಯಾರೇ ಕಡೆ ಹೋತೇನ್ರೀ?" ಎಂದು ಕೇಳಿದಳು. ಆಕೆ ನಿಜವಾಗಿಯೂ ತಿಳಿಯಲು ಕೇಳಿದ್ದಳು, ಚುಚ್ಚಲು ಅಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ನಾಲ್ಕು ದಿನಕ್ಕೆ ಇನ್ನೆರಡು ಮುಕ್ಕರಿಸತೊಡಗಿದವು, ಅವೂ ನೀಲಿ ಬಣ್ಣದವೇ. ಈ ಸಲ ಹೊಟ್ಟೆಯ ಕೆಳಗಿನ ಕೂದಲು ಮುಟ್ಟಿ ನೋಡಿದೆ. ಒಣಗಿತ್ತು, ಉಪ್ಪಿನ ಹರಳಿನಂಥದು ಅಂಟಿತ್ತು. ಮಸ್ಕಿಯ ದನದ ದವಾಖಾನೆಯ ಡಾಕ್ಟರು ಕೆಸರಿನಲ್ಲಿ ಬೈಕು ತಳ್ಳಿಕೊಂಡು ಬಂದರು. ಟಗರನ್ನು ಕುಂಡಿಯ ಮೇಲೆ ಕೂರಿಸಿ ಹಿಡಿಯುವುದು ನನ್ನ ಪಾಲು. ಟಗರಿನ ಶಿಶ್ನದ ತುದಿಯಲ್ಲಿ ಹುಳುವಿನಂಥ ಸಣ್ಣ ಎಳೆ ಇರುತ್ತದೆ, ಕಲ್ಲು ಮೊದಲು ಸಿಕ್ಕಿಕೊಳ್ಳುವುದು ಅಲ್ಲೇ. ಡಾಕ್ಟರು ಅದನ್ನು ಕತ್ತರಿಸಿದರು. ಒಂದರಲ್ಲಿ ಉಚ್ಚೆ ಚಿಮ್ಮಿ ನನ್ನ ಮುಖಕ್ಕೇ ಬಂತು. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಉಚ್ಚೆ ಹೊಡೆಸಿಕೊಂಡಿಲ್ಲ. ಇನ್ನೊಂದಕ್ಕೆ ಕಲ್ಲು ಮೇಲೆಲ್ಲೋ ಇತ್ತು, ಅದು ಮರುದಿನ ಸತ್ತಿತು.

ಕೈ ತೊಳೆಯುತ್ತ ಡಾಕ್ಟರು ಕೇಳಿದರು, "ಏನು ತಿನ್ನಸ್ತೀರಿ?" ಹೇಳಿದೆ. "ಅರ್ಧ ಕೆಜಿ? ಅದ್ರಾಗ ಅರ್ಧ ತೌಡು? ಮ್ಯಾಲೆ ಸುಣ್ಣದ ಪುಡಿ ಇಲ್ಲ?" ಎಂದು ನನ್ನ ಮುಖ ನೋಡಿದರು. "ತೌಡಿನ್ಯಾಗ ರಂಜಕ ಭಾಳ. ಅದು ಸುಣ್ಣದ ಜತಿ ತೂಕಕ್ಕ ನಿಲ್ಲಲಿಲ್ಲಂದ್ರ ಮೂತ್ರದಾಗ ಕಲ್ಲಾಗತೈತಿ. ಮಳಿಗಾಲ, ಕುರಿ ನೀರೂ ಕುಡಿಯಂಗಿಲ್ಲ. ಇವತ್ತ ನಿಲ್ಲಸ್ರಿ." ಉಳಿದವಕ್ಕೆ ನವಸಾಗರ ಕರಗಿಸಿ ಕುಡಿಸಲು ಹೇಳಿ, ತೂಕಕ್ಕೆ ತಕ್ಕ ಅಳತೆ ಚೀಟಿಯಲ್ಲಿ ಬರೆದುಕೊಟ್ಟರು.

ಔಷಧಿ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ನಮ್ಮ ಮನೆಮಾತಿನಲ್ಲಿ ಅದಕ್ಕೆ ನೌಸಾದರ್ ಅನ್ನುತ್ತೇವೆ, ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರೆ. ಮುದಗಲ್ಲಿಗೆ ಹೋಗಿ ನಮ್ಮ ಓಣಿಯ ಕಲಾಯಿ ಅಜ್ಜನ ಮುಂದೆ ಕೂತೆ. "ಕುರಿಗಿ ಕಲಾಯಿ ಹಾಕಾಕ ಹೊಂಟೀ ಏನೋ ಬೇಟಾ?" ಎಂದು ನಗುತ್ತ ಪೊಟ್ಟಣ ಕಟ್ಟಿಕೊಟ್ಟ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಾಕ್ಟರು "ಇವತ್ತ ನಿಲ್ಲಸ್ರಿ" ಅಂದಿದ್ದರಲ್ಲ, ನಾನು ನಿಲ್ಲಿಸಲಿಲ್ಲ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಸಂಯೋಜಕರಿಗೆ ಫೋನು ಮಾಡಿದೆ. "ಹದಿನೈದು ವಾರದ ಪ್ರಯೋಗ ಹನ್ನೊಂದನೇ ವಾರಕ್ಕೆ ಮುರಿದರೆ ಏನು ಉಳೀತು? ಸತ್ತವನ್ನ ರೋಗ ಅಂತ ಬರೆದು ಲೆಕ್ಕದಿಂದ ಕೈಬಿಡಿ. ಬದುಕಿರೋವುಗಳ ಸರಾಸರಿ ತೆಗೀರಿ. ತೌಡು ಸ್ವಲ್ಪ ಕಡಿಮೆ ಮಾಡಿ, ಆದರೆ ದಾಣಿ ನಿಲ್ಲಿಸಬೇಡಿ," ಅಂದರು. ಸಂಸ್ಥೆಗೆ ದುಡ್ಡು ಕೊಡುವ ಹೊರಗಿನವರು ನೋಡಲು ಬರುವ ದಿನವೂ ನಿಗದಿಯಾಗಿತ್ತು. ನನ್ನ ಕೆಲಸ ವರ್ಷವರ್ಷಕ್ಕೆ ಸಹಿಯಾಗುವಂಥದ್ದು. ಬಾಯಲ್ಲಿ ಬಿಸಿತುಪ್ಪ. ಮರಿಗಳನ್ನು ಬಯಲಿಗೆ ಬಿಡೋಣವೆಂದರೆ ಸುತ್ತ ಎದೆಮಟ್ಟ ಭತ್ತ. ಭತ್ತಕ್ಕೆ ಬಾಯಿಟ್ಟ ಕುರಿಯ ಕಾಲು ಮುರಿಯದೆ ಯಾರೂ ಬಿಡುವುದಿಲ್ಲ. ಹಿಂಡಿಗೆ ಕಳಿಸೋಣವೆಂದರೆ ಅಕ್ಕನ ಆಟ ಅಲ್ಲಿಗೇ ಮುಗಿಯಿತು. ತಡಿಕೆಯ ಒಳಗೆ ಮೂವತ್ತೆಂಟು ಕುರಿ ಇದ್ದವು, ಹೊರಗೆ ನಿಂತಿದ್ದ ನನಗೂ ಹೊರಹೋಗುವ ದಾರಿ ಕಾಣುತ್ತಿರಲಿಲ್ಲ. ತೌಡನ್ನು ಅರ್ಧಕ್ಕೆ ಇಳಿಸಿದೆ, ನವಸಾಗರ ಕುಡಿಸಿದೆ, ಮತ್ತು ಕಾದೆ. ಆ ವಾರವೇ ಮೂರನೆಯದು ಸತ್ತಿತು.

ಮಹಾನವಮಿಗೆ ಭಾವ ಊರಿಗೆ ಬಂದ. ದೊಡ್ಡಿಯೊಳಗೆ ಹೋಗಿ ಒಂದೊಂದು ಟಗರಿನ ನಡುಬೆನ್ನ ಮೇಲೆ ಅಂಗೈ ಊರಿ ನೋಡಿದ. "ಮೈ ಏನೋ ಬಂದೈತಿ," ಅಂದ. ಆಮೇಲೆ, "ಮೂರು ಸತ್ತಾವಂತಲ್ಲ?"

ಅಕ್ಕ ತಲೆ ತಗ್ಗಿಸಿದಳು.

"ಕುರಿ ಅಂದ್ರ ತಿರುಗೋ ಜೀವ ಬೇ ತಂಗಿ. ಕೂಡಿ ಹಾಕಿದ್ರ ಉಳಿಯಂಗಿಲ್ಲ. ನಿನ್ನ ಕೈಲೆ ಆಗಂಗಿಲ್ಲ ಅಂತ ನಾ ಆಗಲೇ ಹೇಳಿದ್ದೆ. ಬಗಲಾಗ ಕುಂತು ನೋಡ್ಕೊಂಡಿದ್ರ ಮೂರು ಸಾಯ್ತಿದ್ವೇನು?"

ನಾನು ಅಲ್ಲೇ, ಮಾರುದೂರದಲ್ಲಿ ತೂಕದ ಕೊಕ್ಕೆ ಒರೆಸುತ್ತ ಕೂತಿದ್ದೆ. ತಪ್ಪು ಆಕೆಯ ಕೈಯದಲ್ಲ, ನನ್ನ ತೌಡಿನದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆಯಲಿಲ್ಲ. ಕೊಕ್ಕೆ ಹೊಳೆಯುವವರೆಗೆ ಒರೆಸಿದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಕೂಳಿ ಹೊತ್ತಿಗೆ ನಾವು ಬರ್ತೀವಿ. ಅಲ್ಲೀತನಕ ಉಳಿದ್ರ ನೋಡೂಣು," ಎಂದು ಭಾವ ಹೋದ. ಹೋದ ಮೂರನೇ ದಿನಕ್ಕೆ ನಾಲ್ಕನೆಯದು ಮುಕ್ಕರಿಸತೊಡಗಿತು. ಡಾಕ್ಟರು ಬರುವಷ್ಟರಲ್ಲಿ ಅದರ ಚೀಲ ಒಡೆದಿತ್ತು.

ಅದನ್ನು ಹೂತ ಮರುದಿನ, ಬುಧವಾರ, ಮಧ್ಯಾಹ್ನ. ನಾನು ಸೋಮವಾರ ಬೆಳಗ್ಗೆ ಬರುವವನು, ಮಿಕ್ಕ ದಿನ ಬಂದರೆ ಮೊದಲೇ ಫೋನು ಮಾಡುವವನು. ಆ ದಿನ ಫೋನು ಮಾಡುವ ಮನಸ್ಸಿರಲಿಲ್ಲ. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಕೆಸರಿನಲ್ಲಿ ನಡೆದು ಬಂದೆ. ಅಕ್ಕ ಕೆಂಪು ದೊಡ್ಡಿಯೊಳಗೆ ಕೂತಿದ್ದಳು, ಊದಿದ ಕಾಲು ಮುಂದೆ ಚಾಚಿ. ಪಕ್ಕದಲ್ಲಿ ಒಂದು ಬೋಗುಣಿ. ಇಪ್ಪತ್ತು ಟಗರುಗಳು ಊಟಕ್ಕೆ ಕೂತವರ ಹಾಗೆ ಸಾಲಾಗಿ ನಿಂತಿದ್ದವು. ಆಕೆ ಒಂದೊಂದರ ಬಾಯಿಗೆ ಒಂದೊಂದು ಮುಷ್ಟಿ ಹಿಡಿಯುತ್ತಿದ್ದಳು.

"ಅಕ್ಕಾ!"

ಆಕೆ ಬೆಚ್ಚಿದಳು. ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಲು ನೋಡಿದಳು. ಟಗರುಗಳು ಸೆರಗಿನೊಳಗೇ ಮೂತಿ ತೂರಿಸಿದವು.

"ಏನದು?"

"ಹುರುಳಿ ರೀ. ನೆನಸಿದ್ದು."

"ಎಷ್ಟು ದಿನದಿಂದ ಹಾಕಾಕತ್ತೀ?"

"ಮೊದಲನೇ ದಿನದಿಂದ."

ಹನ್ನೆರಡು ವಾರದ ತೂಕ, ಸರಾಸರಿ, ನೋಟುಬುಕ್ಕು, ಎಲ್ಲ ಹೊಳೆಗೆ ಹೋಯಿತು. "ಒಂದು ಕಾಳೂ ಬೀಳಬಾರದು ಅಂತ ಹೇಳಿದ್ನೋ ಇಲ್ಲೋ? ಇದು ಲೆಕ್ಕ ಅಕ್ಕಾ, ಲೆಕ್ಕ! ನನ್ನ ಕೆಲಸ ಹೋಗ್ತೈತಿ ಇದರಾಗ!" ಎಂದು ಕೂಗಾಡಿದೆ. ಆ ಕ್ಷಣಕ್ಕೂ ನನ್ನ ಕೆಲಸದ್ದೇ ಚಿಂತೆ.

ಅಕ್ಕ ಬೋಗುಣಿ ಕೆಳಗಿಟ್ಟಳು. ಗಟ್ಟಿಯಾಗಿ ಮಾತಾಡುವವಳಲ್ಲ, ಆವತ್ತು ಮಾತಾಡಿದಳು. "ನಿಮ್ಮ ಮನ್ಯಾಗ ಒಂದ ಸಾಲಿನ್ಯಾಗ ಕುಂದ್ರಿಸಿ ಒಬ್ಬರಿಗೆ ಹೋಳಿಗಿ, ಒಬ್ಬರಿಗೆ ಬರೇ ನುಚ್ಚು ನೀಡ್ತಾರೇನ್ರೀ ಸಾಹೇಬ್ರ? ಪಂಗ್ತಿಭೇದ ಮಾಡಿದ ಕೈ ಉದ್ಧಾರ ಆಗಂಗಿಲ್ಲ ಅಂತಾರ ನಮ್ಮಲ್ಲಿ. ಆ ಕಡಿ ಬಕೆಟ್ ಸಪ್ಪಳಾದ ಕೂಡ್ಲೇ ಇವು ತಡಿಕಿಗೆ ಮೂತಿ ಹಚ್ಚಿ ಒದರ್ತಾವ. ನೀವು ಸೋಮವಾರ ಬಂದು ತೂಕ ಬರ್ಕೊಂಡು ಹೋಗ್ತೀರಿ. ಕೇಳಾಕಿ ನಾನು. ನಿಮ್ಮ ದಾಣಿ ಒಂದು ಹಿಡಿ ಮುಟ್ಟಿಲ್ಲರೀ, ಆಣಿ ಮಾಡ್ತೀನಿ. ನನ್ನ ಮನ್ಯಾಗಿನ ಹುರುಳಿ, ನನ್ನ ಹೊಲದ ತೊಗರಿ ಹೊಟ್ಟು. ಆ ದಾಣ್ಯಾಗ ಉಪ್ಪು ಐತಿ ಅಂದ್ರಿ, ಅದಕ್ಕ ಇವಕ್ಕ ನೀರಿಗೆ ಒಂದು ಹಿಡಿ ಉಪ್ಪು ಹಾಕಿದೆ. ಇಷ್ಟ."

ತಡಿಕೆಯ ಎರಡೂ ಕಡೆಯ ಟಗರುಗಳನ್ನು ನೋಡಿದೆ. ಒಂದೇ ಚಪ್ಪರ, ಒಂದೇ ಹುಲ್ಲು, ಒಂದೇ ಬೋರಿನ ನೀರು, ಒಂದೇ ಮಳೆ. ಆ ಕಡೆ ನಾಲ್ಕು ಸತ್ತಿವೆ, ಈ ಕಡೆ ಒಂದೂ ಮುಕ್ಕರಿಸಿಲ್ಲ. "ನೀರು ಯಾವ ಕಡೆ ಜಾಸ್ತಿ ಖರ್ಚಾಗತೈತಿ?" ಎಂದು ಕೇಳಿದೆ. "ಈ ಕಡೀರಿ. ಆ ಕಡೀಕಿಂತ ಎರಡು ಕೊಡ ಜಾಸ್ತಿ. ಹೊತ್ತು ಹಾಕಾಕಿ ನಾನಲ್ಲೇನ್ರೀ?" ಅಂದಳು. ಡಾಕ್ಟರಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ತೊಗರಿ ಹೊಟ್ಟಿನಲ್ಲಿ ಸುಣ್ಣದ ಅಂಶ ಚೆನ್ನಾಗಿರುತ್ತದೆ, ಉಪ್ಪು ನೀರು ಕುಡಿಸುತ್ತದೆ, ನೀರು ಮರಳನ್ನು ತೊಳೆದು ಹಾಕುತ್ತದೆ ಎಂದರು. "ಯಾರು ಹೇಳಿಕೊಟ್ರು ಇದನ್ನ?" ಎಂದು ಅವರು ಕೇಳಿದಾಗ ನಾನು ಅಕ್ಕನ ಕಡೆ ನೋಡಿದೆ. ಆಕೆ ಬೋಗುಣಿಯ ತಳ ಕೆರೆದು ಕೊನೆಯ ಟಗರಿಗೆ ತಿನ್ನಿಸುತ್ತಿದ್ದಳು.

ಬೇವಿನ ಮರದ ಬುಡಕ್ಕೆ ಹೋಗಿ ಕೂತೆ. ಇನ್ನು ಮೂರು ವಾರ ಸುಮ್ಮನಿದ್ದರೆ ನನ್ನ ಕಾಗದ ಸರಿಯಾಗುತ್ತಿತ್ತು. ನಾಲ್ಕು ಸಾವಿಗೆ ರೋಗ ಎಂದು ಬರೆಯುವುದು, ಕೆಂಪು ದೊಡ್ಡಿಗೆ ಬರೀ ಹುಲ್ಲು ಎಂದು ಬರೆಯುವುದು, ಸಹಿ ಹಾಕುವುದು. ಯಾರೂ ಬಂದು ಗುಂಡಿ ಅಗೆದು ನೋಡುತ್ತಿರಲಿಲ್ಲ. ಆದರೆ ಆ ಕಾಗದ ನಂಬಿ ಇನ್ನೊಬ್ಬ ಅಕ್ಕ ಅರ್ಧ ಕೆಜಿ ತೌಡು ಸುರಿಯುತ್ತಿದ್ದಳು. ಮತ್ತು ಈ ಅಕ್ಕನ ಕೈ ಕೆಟ್ಟದ್ದು ಎಂಬ ಮಾತು ಹಾಗೇ ಉಳಿಯುತ್ತಿತ್ತು. ಎದ್ದು ಕುಡುಗೋಲು ಕೇಳಿದೆ. ತಡಿಕೆಯ ಹಗ್ಗ ಕೊಯ್ದು ಬಿದಿರನ್ನು ಒಂದೊಂದೇ ಎಳೆದು ಹೊರಗೆ ಹಾಕಿದೆ. ಕೆಂಪು, ನೀಲಿ ಎಲ್ಲ ಒಂದಾಗಿ ನೀರಿನ ತೊಟ್ಟಿಗೆ ನುಗ್ಗಿದವು. "ಇನ್ನ ನಿಮ್ಮ ಲೆಕ್ಕ?" ಎಂದು ಅಕ್ಕ ಹೆದರಿ ಕೇಳಿದಳು. "ಇದ ಲೆಕ್ಕ," ಅಂದೆ.

ಉಳಿದ ಮೂವತ್ತಾರಕ್ಕೂ ಆಕೆಯ ಪಡಿಯೇ ಆಯಿತು. ಒಂದು ಮುಷ್ಟಿ ನೆನೆಸಿದ ಹುರುಳಿ, ತೂಗಿ ನೋಡಿದರೆ ನೂರು ಗ್ರಾಂಗೆ ಸ್ವಲ್ಪ ಹೆಚ್ಚು. ಒಂದು ಬುಟ್ಟಿ ತೊಗರಿ ಹೊಟ್ಟು, ಉಪ್ಪಿನ ನೀರು. ನವಸಾಗರ ಇನ್ನೊಂದು ವಾರ ಕುಡಿಸಿದೆ. ಮತ್ತೆ ಒಂದೂ ಸಾಯಲಿಲ್ಲ.

ಆ ಶನಿವಾರ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ ರಿಕ್ಷಾ, ಆಮೇಲೆ ಗುಡ್ಡದ ಅಂಚಿನಲ್ಲಿ ಎರಡು ತಾಸು ಕೇಳುತ್ತ ಕೇಳುತ್ತ ನಡೆದೆ. ಹಿಂಡು ಒಂದು ಹಳ್ಳದ ದಂಡೆಯಲ್ಲಿ ಸಿಕ್ಕಿತು. ಭಾವ ಜಾಲಿಯ ನೆರಳಲ್ಲಿ ಕುಂಟುವ ಕುರಿಯ ಗೊರಸು ಕೆತ್ತುತ್ತಿದ್ದ. ಎದುರು ಕೂತು ಎಲ್ಲ ಹೇಳಿದೆ. ತೌಡು, ಎಣ್ಣೆ, ಡಾಕ್ಟರ ಮಾತು, ನಾನು ನಿಲ್ಲಿಸದೇ ಇದ್ದದ್ದು, ಅಕ್ಕನ ಹುರುಳಿ. ಆತ ಕೆತ್ತುವುದನ್ನು ಬಿಡದೆ ಕೇಳಿದ.

"ಮಾನಮಿ ದಿನ ನೀ ಅಲ್ಲೇ ಕುಂತಿದ್ದೆಲ್ಲ, ಆವತ್ತ ಯಾಕ ಬಾಯಿ ಬಿಡಲಿಲ್ಲ?"

"ಹೆದರಿಕಿ ಆತು."

"ಹೂಂ." ಕುರಿಯನ್ನು ಬಿಟ್ಟು ಚಾಕು ಒರೆಸಿಕೊಂಡ. "ತಪ್ಪು ನಿಂದು. ಸತ್ತಿದ್ದು ಆಕೀವು. ಬೈಗಳ ತಿಂದಾಕಿನೂ ಆಕಿನ."

ಹಾಲಿಲ್ಲದ ಚಹಾ ಕೊಟ್ಟರು, ಕುಡಿದು ಎದ್ದೆ.

ವರದಿಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. "ಇದು ವರದಿ ಅಲ್ಲ, ತಪ್ಪೊಪ್ಪಿಗೆ," ಎಂದರು ಸಂಯೋಜಕರು. ಹೊರಗಿನವರ ಭೇಟಿ ರದ್ದಾಯಿತು. ಕೆಲಸ ಹೋಗಲಿಲ್ಲ, ಆದರೆ ಕುರಿಗಳಿಂದ ತೆಗೆದು ಮೇವಿನ ಬೀಜ ಹಂಚಲು ಹಾಕಿದರು. ಡಿಸೆಂಬರಿನಲ್ಲಿ ವ್ಯಾಪಾರಿಯೊಬ್ಬ ಅಕ್ಕನ ಅಂಗಳಕ್ಕೇ ಬಂದು ಮೂವತ್ತಾರನ್ನೂ ಕೊಂಡ. ಅಷ್ಟರಲ್ಲಿ ಕೊಂಬಿನ ಬಣ್ಣ ಮಾಸಿಹೋಗಿತ್ತು, ಯಾವುದು ಯಾವ ದೊಡ್ಡಿಯದು ಎಂದು ಅವನಿಗೆ ತಿಳಿಯಲೂ ಇಲ್ಲ. ಅರ್ಧ ಕೆಜಿ ತಿಂದದ್ದಕ್ಕೂ ಒಂದು ಮುಷ್ಟಿ ತಿಂದದ್ದಕ್ಕೂ ಆತ ಹೆಚ್ಚುಕಡಿಮೆ ಒಂದೇ ದರ ಹಚ್ಚಿದ. ನಾಲ್ಕು ಕಳೆದುಕೊಂಡ ಮೇಲೂ ಅಕ್ಕನಿಗೆ ತಲೆಗೆ ಬಿದ್ದ ಲಾಭ ಹಿಂಡಿನಲ್ಲಿ ನಡೆದ ಟಗರಿಗಿಂತ ಒಂದು ಪಾವಲಿಯಷ್ಟಾದರೂ ಮೇಲೆಯೇ ಇತ್ತು.

ಭತ್ತ ಕೊಯ್ದ ಮೇಲೆ ಹಿಂಡು ಕೂಳೆಗೆ ಇಳಿಯಿತು, ಪಾಲಿನ ದಿನ ಬಂತು. ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಲಿಂಗಸುಗೂರಿನ ಸಂತೆಯಲ್ಲಿ ನನ್ನ ಸಂಬಳದಿಂದ ನಾಲ್ಕು ಟಗರುಮರಿ ಕೊಂಡು, ಟಂಟಮ್ಮಿನಲ್ಲಿ ಹಾಕಿಕೊಂಡು ಹೋದೆ. ಅವರ ಮನೆತನದಲ್ಲಿ ಪಾಲೆಂದರೆ, ನಡೆದ ಒಬ್ಬೊಬ್ಬರ ಹೆಸರಿಗೂ ಹಿರಿಯ ಒಂದೊಂದು ಕಂಬಳಿ ಹಾಸುತ್ತಾನೆ, ಆ ಕಂಬಳಿಯ ಮುಂದೆ ಮರಿ ತಂದು ಕಟ್ಟುತ್ತಾರೆ. ಭಾವ ಐದು ಕಂಬಳಿ ಹಾಸಿದ. ಆರನೆಯದು ಹಾಸಲಿಲ್ಲ. ಹಾಸಬೇಡ ಎಂದು ಆತ ತೀರ್ಮಾನಿಸಿದ್ದನೋ, ನಡೆಯದವರಿಗೆ ಹಾಸಿ ರೂಢಿ ಇರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಕುಂಟುತ್ತ ಒಳಗೆ ಹೋದಳು. ಗಂಡನ ಹಳೆಯ ಕಂಬಳಿಯನ್ನು ತಂದು, ಸಾಲಿನ ಕೊನೆಗೆ ತಾನೇ ಹಾಸಿ, ಅದರ ಪಕ್ಕ ಕೂತಳು. ಭಾವ ಬೀಡಿ ಹಚ್ಚಿದ, ಅರ್ಧಕ್ಕೆ ಬಿಸುಟ. "ಎಷ್ಟು ಬೇಕು?" ಅಂದ.

"ಇಪ್ಪತ್ತು ಸಾಕು. ನನ್ನ ಕೈ ಎಟಕೋದು ಅಷ್ಟಕ್ಕ."

ಆತ ತಾನೇ ಹೋಗಿ ಆರಿಸಿ ತಂದು ಕಟ್ಟಿದ. ಅಕ್ಕ ಎರಡನ್ನು ಹಲ್ಲು ನೋಡಿ ವಾಪಸ್ ಕಳಿಸಿ ಬೇರೆ ತರಿಸಿಕೊಂಡಳು. ನನ್ನ ನಾಲ್ಕು ಮರಿಗಳನ್ನು ಎಳೆದುಕೊಂಡು ಹೋಗಿ ಕಂಬಳಿಯ ಮುಂದೆ ನಿಲ್ಲಿಸಿದೆ. "ಸತ್ತವುಗಳ ಬದಲಿಗೆ ಅಕ್ಕಾ," ಅಂದೆ.

ಆಕೆ ನಾಲ್ಕನ್ನೂ ನೋಡಿದಳು. ಮೂರರ ಹಗ್ಗ ತೆಗೆದುಕೊಂಡು ಗೂಟಕ್ಕೆ ಬಿಗಿದಳು. ನಾಲ್ಕನೆಯದರ ಹಗ್ಗವನ್ನು ನನ್ನ ಕೈಗೇ ಇಟ್ಟಳು.

"ಮೂರರ ಸಾವು ನಿಮ್ಮದು, ಖರೇ. ಮೂರು ಸತ್ತಾಗ ನಾನು ಬಾಯಿ ಬಿಟ್ಟಿದ್ರ, ಈ ಕಡೆಯವಕ್ಕ ಏನ್ ಹಾಕ್ತೀನಿ ಅಂತ ಹೇಳಿದ್ರ, ನಾಕನೇದು ಉಳೀತಿತ್ತು. ನಿಮ್ಮ ಬೈಗಳಕ್ಕ ಹೆದರಿ ಮುಚ್ಚಿಟ್ಟೆ. ಅದು ನಂದು."

"ಇಲ್ಲ ಅಕ್ಕಾ, ಅದು ನಂದ. ಡಾಕ್ಟ್ರು ಹೇಳಿದ ದಿನ ನಾನು..."

"ನಂದು ಅಂದ್ನೆಲ್ಲ. ಒಯ್ರಿ."

ಆ ಮರಿಯನ್ನು ಬಗಲಲ್ಲಿ ಎತ್ತಿಕೊಂಡು ಮಸ್ಕಿಗೆ ಬಂದು, ಮುದಗಲ್ ಕಡೆಯ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕೂತೆ. ಅಳು ಬಂತು, ಮರಿಯ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತೆ. ಕಂಡಕ್ಟರ್ ಬಂದು ನನಗೊಂದು, ಮರಿಗೊಂದು ಟಿಕೆಟ್ ಹರಿದುಕೊಟ್ಟ.